ಕೀಲಿಮಣೆಯ ಒಳದಾರಿಗಳು



ತೋಟದ ಜಮಾಖರ್ಚನ್ನು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದ ನಮ್ಮಲ್ಲಿ ಅನೇಕರು ಇಂದು ಅದನ್ನೇ ಕಂಪ್ಯೂಟರಿನಲ್ಲಿ ಇಡುತ್ತಿದ್ದೇವೆ. ಕೂಲಿ ಪಟ್ಟಿ, ಗೊಬ್ಬರದ ಖರ್ಚು, ಅಡಿಕೆ ತೂಕದ ಚೀಟಿ, ಕಾಫಿ ಮಾರಾಟದ ಬಿಲ್ಲು ಎಲ್ಲವೂ ಅದರೊಳಗೆ ಸೇರಿವೆ. ರಜೆಯಲ್ಲಿ ಮನೆಗೆ ಬಂದ ಮಕ್ಕಳು ಮೌಸ್ ಹಿಡಿಯಲು ಕಲಿಸಿ ಹೋಗಿರುತ್ತಾರೆ; ಪಾಠ ಅಲ್ಲಿಗೇ ನಿಂತಿರುತ್ತದೆ. ಉಳಿದುದನ್ನು ಕಲಿಯದೆ ಇದ್ದರೆ ಎಷ್ಟು ನಷ್ಟವೆಂಬುದು ನಮ್ಮ ಸಂಘದ ಕಚೇರಿಯಲ್ಲೇ ನಮಗೆ ಅರಿವಾಯಿತು.

ಸುಗ್ಗಿಯ ನಡುವೆ ಒಂದು ದಿನ, ಸದಸ್ಯರ ಅಡಿಕೆ ತೂಕದ ಪಟ್ಟಿಯಲ್ಲಿ ಒಂದು ಕಂಬಸಾಲು ಪೂರ್ತಿ ಅಳಿಸಿ ಹೋಯಿತು. ಕೈತಪ್ಪಿ ಒತ್ತಿದ್ದು ಒಂದೇ ಕೀಲಿ. ಗಾಬರಿಯಲ್ಲಿ ನಾವು ಕಡತವನ್ನು ಹಾಗೆಯೇ ಸೇವ್ ಮಾಡಿ ಮುಚ್ಚಿಬಿಟ್ಟೆವು. ತೂಕದ ಚೀಟಿಗಳ ಪ್ರತಿ ನಮ್ಮಲ್ಲಿದ್ದುದರಿಂದ ಯಾರ ಹಣಕ್ಕೂ ಮೋಸವಾಗಲಿಲ್ಲ. ಆದರೆ ಎರಡು ದಿನ ಕುಳಿತು ಮತ್ತೆ ಬರೆಯಬೇಕಾಯಿತು. ಕಡತ ಮುಚ್ಚುವ ಮುನ್ನ ಎರಡು ಕೀಲಿ ಒತ್ತಿದ್ದರೆ ಅಳಿಸಿದ್ದೆಲ್ಲ ಮರಳಿ ಬರುತ್ತಿತ್ತೆಂದು ತಿಳಿದದ್ದು ಆಮೇಲೆ. ಆ ಅನುಭವದಿಂದಲೇ ಈ ಲೇಖನ.

ತೋಟಕ್ಕೆ ಹೋಗಲು ಗಾಡಿರಸ್ತೆಯೂ ಇರುತ್ತದೆ, ಒಳದಾರಿಯೂ ಇರುತ್ತದೆ. ಕಂಪ್ಯೂಟರಿನಲ್ಲಿ ಮೌಸ್ ಗಾಡಿರಸ್ತೆ, ಕೀಲಿಮಣೆ ಒಳದಾರಿ. ವಿಧಾನ ಸುಲಭ: ಎಡಗೈ ಬದಿಯ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು, ಇನ್ನೊಂದು ಅಕ್ಷರವನ್ನು ಒಮ್ಮೆ ತಟ್ಟಿ, ಎರಡನ್ನೂ ಬಿಡತಕ್ಕದ್ದು. ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ.

ಮೊದಲು ಕಲಿಯಬೇಕಾದವು ಕೆಳಸಾಲಿನಲ್ಲಿ ಒತ್ತೊತ್ತಾಗಿರುವ ನಾಲ್ಕು ಅಕ್ಷರಗಳು: ಝಡ್, ಎಕ್ಸ್, ಸಿ, ವಿ. ಕಂಟ್ರೋಲ್ ಜೊತೆ ಸಿ ಒತ್ತಿದರೆ ಆಯ್ದ ಭಾಗದ ನಕಲು. ಎಕ್ಸ್ ಒತ್ತಿದರೆ ಅದನ್ನು ಅಲ್ಲಿಂದ ತೆಗೆಯುವುದು. ವಿ ಒತ್ತಿದರೆ ಬೇಕಾದಲ್ಲಿ ಅಂಟಿಸುವುದು. ಝಡ್ ಒತ್ತಿದರೆ ಆಗಷ್ಟೇ ಮಾಡಿದ ಕೆಲಸ ರದ್ದಾಗುತ್ತದೆ. ನಮ್ಮ ಎರಡು ದಿನಗಳನ್ನು ಉಳಿಸಬಹುದಾಗಿದ್ದುದು ಇದೇ. ಎಕ್ಸೆಲ್ ಪಟ್ಟಿಯಲ್ಲಿ ಹೀಗೆ ಒಂದೊಂದಾಗಿ ನೂರು ಹೆಜ್ಜೆಯವರೆಗೆ ಹಿಂದೆ ಹೋಗಬಹುದು. ಹೆಚ್ಚು ಹಿಂದೆ ಹೋದರೆ ವೈ ಒತ್ತಿ ಮುಂದೆ ಬರಬಹುದು. ಆದರೆ ಕಡತವನ್ನು ಮುಚ್ಚಿದ ಮೇಲೆ ಈ ಉಪಾಯ ನಡೆಯದು. ತಪ್ಪಾಯಿತೆಂದು ತಿಳಿದೊಡನೆ ಕೈ ತಡೆದು, ಬೇರೇನನ್ನೂ ಮುಟ್ಟದೆ, ಮೊದಲು ಇದನ್ನು ಒತ್ತಿರಿ.

ಕತ್ತರಿಸಿ ಅಂಟಿಸುವ ಈ ಕ್ರಮವನ್ನು 1970ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿದ್ದ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು. ಬಳಿಕ ಟೆಸ್ಲರ್ ಆಪಲ್ ಸಂಸ್ಥೆಗೆ ಹೋದರು. 1983ರಲ್ಲಿ ಹೊರಬಂದ ಅಲ್ಲಿನ ಲೀಸಾ ಕಂಪ್ಯೂಟರಿನಲ್ಲಿ ಈ ನಾಲ್ಕು ಅಕ್ಷರಗಳೇ ಇದ್ದವು. ನಾಲ್ಕೂ ಅಕ್ಕಪಕ್ಕದಲ್ಲಿರುವುದರಿಂದ ಒಂದೇ ಕೈಯಲ್ಲಿ ಕೆಲಸ ಸಾಗುತ್ತದೆ.

ಐದನೆಯದು ಎಸ್. ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಕಡತ ಸೇವ್ ಆಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುವುದೆಂದು ಹೇಳಲಾಗದು. ಕೊಳೆರೋಗ ಹಬ್ಬಿದ ಮೇಲೆ ಬೋರ್ಡೋ ಹೊಡೆದರೆ ಉದುರಿದ ಕಾಯಿ ಮರ ಹತ್ತುವುದಿಲ್ಲ, ಇದೂ ಹಾಗೆಯೇ. ಐದಾರು ಸಾಲು ಬರೆದಾಗಲೆಲ್ಲ ಇದನ್ನು ಒತ್ತುವುದನ್ನು ರೂಢಿ ಮಾಡಿಕೊಳ್ಳಬೇಕು.

ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರಿಗೆ ಇನ್ನೂ ಮೂರು ಬಹಳ ಉಪಯುಕ್ತ. ಕಂಟ್ರೋಲ್ ಜೊತೆ ಅರ್ಧವಿರಾಮದ ಕೀಲಿ ಒತ್ತಿದರೆ ಆ ದಿನದ ತಾರೀಕು ತಾನಾಗಿ ಮೂಡುತ್ತದೆ, ನಾಳೆ ಅದು ಬದಲಾಗುವುದಿಲ್ಲ. ಕೂಲಿ ಮೊತ್ತಗಳ ಸಾಲಿನ ಕೆಳಗೆ ನಿಂತು ಆಲ್ಟ್ ಜೊತೆ ಸಮ ಚಿಹ್ನೆ ಒತ್ತಿ, ಎಂಟರ್ ಒತ್ತಿದರೆ ಒಟ್ಟು ಮೊತ್ತ ಸಿದ್ಧ. ನಡುವೆ ಖಾಲಿ ಮನೆಯಿದ್ದರೆ ಮೇಲಿನವು ಕೂಡದೆ ಉಳಿಯಬಹುದು. ಎಂಟರ್‌ಗೆ ಮುನ್ನ ಯಾವ ಮನೆಗಳು ಸೇರಿವೆ ಎಂದು ನೋಡಿಕೊಳ್ಳಿ. ಕಂಟ್ರೋಲ್ ಜೊತೆ ಎಫ್ ಒತ್ತಿ ಹೆಸರು ಬರೆದರೆ, ಉದ್ದದ ಪಟ್ಟಿಯಲ್ಲಿ ಆ ಆಳಿನ ಲೆಕ್ಕ ಕಣ್ಣೆದುರು ಬರುತ್ತದೆ.

ನಾಲ್ಕು ಚೌಕದ ಗುರುತಿರುವ ವಿಂಡೋಸ್ ಕೀಲಿಯದು ಇನ್ನೊಂದು ಬಳಗ. ಅದರ ಜೊತೆ ಎಲ್ ಒತ್ತಿದರೆ ಕಂಪ್ಯೂಟರಿಗೆ ಬೀಗ. ಪಾಸ್‌ವರ್ಡ್ ಇಟ್ಟಿದ್ದರೆ ಮಾತ್ರ ಆ ಬೀಗಕ್ಕೆ ಅರ್ಥ. ಬ್ಯಾಂಕಿನ ಲೆಕ್ಕ ತೆರೆದಿಟ್ಟು ಅಂಗಳಕ್ಕೆ ಎದ್ದುಹೋಗುವಾಗ ಇದು ಬೇಕೇ ಬೇಕು. ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡವರು ಸ್ಪೇಸ್ ಒತ್ತಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಬಹುದು. ಕಣ್ಣು ಮಂಜಾದ ಹಿರಿಯರು ಕೂಡಿಸುವ ಚಿಹ್ನೆ ಒತ್ತಿದರೆ ಪರದೆ ದೊಡ್ಡದಾಗಿ ಕಾಣುತ್ತದೆ. ಎಸ್ಕೇಪ್ ಒತ್ತಿದರೆ ಮೊದಲಿನಂತಾಗುತ್ತದೆ. ಇವೆಲ್ಲವೂ ವಿಂಡೋಸ್ ಕೀಲಿಯನ್ನು ಹಿಡಿದುಕೊಂಡೇ.

ಎರಡು ಕಡೆ ಎಚ್ಚರ ಅಗತ್ಯ. ಶಿಫ್ಟ್ ಜೊತೆ ಡಿಲೀಟ್ ಒತ್ತಿ ಅಳಿಸಿದ ಕಡತ ಕಸದ ಬುಟ್ಟಿಗೆ ಹೋಗದೆ ನೇರವಾಗಿ ಮಾಯವಾಗುತ್ತದೆ. ಬರೀ ಡಿಲೀಟ್ ಒತ್ತಿದ್ದರೆ ಬುಟ್ಟಿಯಿಂದ ಮರಳಿ ತೆಗೆಯಬಹುದು. ಎರಡನೆಯದು ಇದಕ್ಕಿಂತ ಘಾತಕ. 2024ರಿಂದೀಚೆಗೆ ವಂಚಕರು ಕೀಲಿಗಳ ಜೋಡಿಯನ್ನೇ ಬಲೆಯಾಗಿ ಬಳಸುತ್ತಿದ್ದಾರೆ. ನೀವು ಮನುಷ್ಯರೆಂದು ಖಚಿತಪಡಿಸಲು ವಿಂಡೋಸ್ ಮತ್ತು ಆರ್, ಬಳಿಕ ಕಂಟ್ರೋಲ್ ಮತ್ತು ವಿ, ಕೊನೆಗೆ ಎಂಟರ್ ಒತ್ತಿರೆಂದು ಪರದೆಯ ಮೇಲೆ ಸೂಚನೆ ಬರುತ್ತದೆ. ಆ ಪುಟವು ಗುಟ್ಟಾಗಿ ಒಂದು ಆಜ್ಞೆಯನ್ನು ನಕಲು ಮಾಡಿಟ್ಟಿರುತ್ತದೆ. ನಿಮ್ಮ ಕೈಯಿಂದಲೇ ಅದನ್ನು ಅಂಟಿಸಿ ನಡೆಸಿದರೆ ಪಾಸ್‌ವರ್ಡುಗಳು ಕಳವಾಗುತ್ತವೆ. ವಿ ಎಂದರೆ ಅಂಟಿಸುವುದು ಎಂದು ತಿಳಿದವನು ಇಂತಹ ಮಾತಿಗೆ ತಟಕ್ಕನೆ ನಿಲ್ಲುತ್ತಾನೆ. ಯಾವ ಪ್ರಾಮಾಣಿಕ ಸಂಸ್ಥೆಯೂ ಹೀಗೆ ಕೇಳುವುದಿಲ್ಲ. ಅಂಥ ಪುಟವನ್ನು ಕೂಡಲೇ ಮುಚ್ಚಿರಿ.

ಎಲ್ಲವನ್ನೂ ಒಂದೇ ದಿನ ಕಲಿಯಹೊರಟರೆ ಒಂದೂ ಉಳಿಯದು. ವಾರಕ್ಕೆರಡರಂತೆ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ, ಆ ವಾರ ಆ ಎರಡು ಕೆಲಸಕ್ಕೆ ಮೌಸ್ ಮುಟ್ಟುವುದಿಲ್ಲವೆಂದು ನಿಶ್ಚಯಿಸಿಕೊಳ್ಳಿ. ನಿಜವಾದ ಲೆಕ್ಕದ ಮೇಲೆ ಪ್ರಯೋಗ ಬೇಡ. ಅದರ ನಕಲು ಪ್ರತಿಯೊಂದರ ಮೇಲೆ ಕೈ ಪಳಗಿಸಿರಿ. ಮೊದಲ ವಾರಕ್ಕೆ ಝಡ್ ಮತ್ತು ಎಸ್ ಇರಲಿ. ಉಳಿದವು ಸಮಯ ಉಳಿಸುತ್ತವೆ. ಇವೆರಡು ವರ್ಷದ ಲೆಕ್ಕವನ್ನೇ ಉಳಿಸುತ್ತವೆ. ಇಷ್ಟಾದರೂ ತೂಕದ ಚೀಟಿಗಳನ್ನು ಮಾತ್ರ ಬಿಸಾಡಬೇಡಿ. ಅಂದು ನಮ್ಮನ್ನು ಕಾಪಾಡಿದ್ದು ಆ ಕಾಗದದ ಚೂರುಗಳೇ.