ಕಡಲ ಗಾಳಿಯ ಅನುದಾನ: ನಮ್ಮ ತಾಲ್ಲೂಕುಗಳಿಗೆ ದಕ್ಕುವುದೇನು?

2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಕಡಲ ಪವನ ವಿದ್ಯುತ್ತಿಗೆ 7,453 ಕೋಟಿ ರೂ.ಗಳ ಯೋಜನೆಗೆ ಒಪ್ಪಿಗೆ ನೀಡಿತು. ಗುಜರಾತ್ ಹಾಗೂ ತಮಿಳುನಾಡು ತೀರಗಳ ತಲಾ 500 ಮೆಗಾವ್ಯಾಟ್ ಸ್ಥಾವರಗಳಿಗೆ 6,853 ಕೋಟಿ, ಎರಡು ಬಂದರುಗಳಿಗೆ 600 ಕೋಟಿ ರೂ. ಮೀಸಲು. ಈ ಹಣ ಸ್ಥಾವರ ಕಟ್ಟುವವರಿಗೆ ಸಲ್ಲುವುದೇ ಹೊರತು ಬಿಡಿಭಾಗ ತಯಾರಕರಿಗಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಸಣ್ಣ ಉದ್ದಿಮೆದಾರರು ಇದನ್ನು ನೆಚ್ಚಿ ಯಂತ್ರ ಕೊಳ್ಳುವುದು ತರವಲ್ಲ.

ಆದರೆ ಗಾಳಿಯಂತ್ರಗಳು ನೆರೆಯ ಜಗಳೂರಿನಲ್ಲೇ ತಿರುಗುತ್ತಿವೆ. ಅವುಗಳ ನಿರ್ವಹಣೆಗೆ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳು ಬೇಕು. ಇಂಥವರನ್ನು ತರಬೇತುಗೊಳಿಸಲು 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ನೆರವಾಗಬಲ್ಲದು. ನಾಲ್ವರು ಕೆಲಸಗಾರರಿರುವ ಘಟಕವೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು. ನಿಗದಿತ ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂ. ಮಿತಿಯಲ್ಲಿ, ಸರ್ಕಾರ ಭರಿಸುವ ಏರ್ಪಾಡು ಇದರದು. 2023ರಲ್ಲಿ ಆ ಪಾಲನ್ನು ನೇರ ಅಭ್ಯರ್ಥಿಯ ಖಾತೆಗೆ ಜಮಾ ಮಾಡುವ ಕ್ರಮ ಬಂದಿತು. ಆದ್ದರಿಂದ ಮಾಲೀಕರು ತಮ್ಮ ಪಾಲನ್ನಷ್ಟೇ ಖರ್ಚು ಬರೆಯತಕ್ಕದ್ದು.

ಯಂತ್ರಕ್ಕೆಂದು ಬೇರಾವುದೇ ಸಹಾಯಧನ ಬಂದರೆ ಅದನ್ನು ಬೆಲೆಯಿಂದ ಕಳೆದು, ಉಳಿದ ಮೊತ್ತಕ್ಕೆ ಮಾತ್ರ ಆದಾಯ ತೆರಿಗೆಯಲ್ಲಿ ಸವಕಳಿ ದೊರೆಯುತ್ತದೆ. ಅನುದಾನವಿಲ್ಲದೆಯೂ ಸಾಲದ ಕಂತು ತೀರುವುದೇ ಎಂದು ಮೊದಲು ಲೆಕ್ಕ ಹಾಕುವುದು ಲೇಸು.