ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೆಳೆದ ಬಗೆ

ಭಾರತೀಯ ತತ್ತ್ವಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿಯಲು ಹೊರಟವರ ಕೈಗೆ ಇವತ್ತಿಗೂ ಮೊದಲು ಸಿಗುವ ಪುಸ್ತಕಗಳಲ್ಲಿ ಎಂ. ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಒಂದು. 1932ರಲ್ಲಿ ಲಂಡನ್ನಿನ ಅಲೆನ್ ಅಂಡ್ ಅನ್‌ವಿನ್ ಅದನ್ನು ಪ್ರಕಟಿಸಿತು. ಐಎಎಸ್ ಪರೀಕ್ಷೆಗೆ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ಈಗಲೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಪ್ರಕಟವಾದದ್ದು ಲಂಡನ್ನಿನಲ್ಲಾದರೂ ಆ ಪುಸ್ತಕ ಹುಟ್ಟಿದ್ದು ಮೈಸೂರಿನ ಪಾಠದ ಕೋಣೆಯಲ್ಲಿ. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಹೇಳಿದ ಪಾಠಗಳನ್ನೇ ಹಿರಿಯಣ್ಣ ತಿದ್ದಿ ತೀಡಿ ಪುಸ್ತಕ ಮಾಡಿದರು. ಹುದ್ದೆಯಿಂದ ಅವರು ಸಂಸ್ಕೃತದ ಪ್ರಾಧ್ಯಾಪಕರು. ಸಂಸ್ಕೃತದ ಮೇಷ್ಟ್ರ ಪಾಠ ಇಡೀ ದೇಶಕ್ಕೆ ತತ್ತ್ವಶಾಸ್ತ್ರದ ಪಠ್ಯವಾಗುವಂಥ ವಾತಾವರಣ ಆ ಊರಿಗೆ ಬಂದದ್ದು ಹೇಗೆ?

1916ರವರೆಗೆ ಮಹಾರಾಜ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. ಪಠ್ಯ ಏನಿರಬೇಕು, ಪರೀಕ್ಷೆ ಹೇಗೆ ನಡೆಯಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಆ ವರ್ಷದ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಂತ ವಿಶ್ವವಿದ್ಯಾಲಯ ಸ್ಥಾಪಿಸಿದರು. ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಹೊಸದು ಮಾಡುವ ಅಧಿಕಾರ ಕೈಗೆ ಬಂದ ಮೇಲೆ ಹೊಸ ಮೇಷ್ಟ್ರುಗಳನ್ನು ಕರೆಸುವ ಕೆಲಸ ಆರಂಭವಾಯಿತು.

ಹಾಗೆ 1918ರಲ್ಲಿ ಬಂದವರು ಸರ್ವೇಪಲ್ಲಿ ರಾಧಾಕೃಷ್ಣನ್. ಬಂಧುವೊಬ್ಬರು ಓದಿ ಮುಗಿಸಿದ ಪುಸ್ತಕಗಳು ಪುಕ್ಕಟೆಯಾಗಿ ಸಿಕ್ಕವೆಂದು ತತ್ತ್ವಶಾಸ್ತ್ರ ಸೇರಿದ್ದ ಬಡ ಹುಡುಗ ಆ ವೇಳೆಗೆ ಮದ್ರಾಸಿನಲ್ಲಿ ಹೆಸರು ಮಾಡಿದ್ದರು. ಮೈಸೂರಿನಲ್ಲಿ ಅವರಿದ್ದದ್ದು ಮೂರೇ ವರ್ಷ. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣದವರೆಗೆ ಹೋದರು. ಈ ಕಥೆಯನ್ನು ನಾವು ಪ್ರತಿ ಸೆಪ್ಟೆಂಬರ್ 5ರಂದು ಹೇಳುತ್ತೇವೆ. ಕಲ್ಕತ್ತೆಯಲ್ಲಿ ರಾಧಾಕೃಷ್ಣನ್ ಏರಿದ ಪೀಠದಲ್ಲಿ ಮೊದಲು ಇದ್ದವರು ಬ್ರಜೇಂದ್ರನಾಥ ಸೀಲ್. ಅದೇ ಸೀಲರು ಮೈಸೂರಿಗೆ ಕುಲಪತಿಯಾಗಿ ಬಂದರು ಎಂಬ ಮಾತನ್ನು ಮಾತ್ರ ಹೇಳುವವರು ಕಡಿಮೆ. ಒಬ್ಬ ತತ್ತ್ವಜ್ಞಾನಿಯನ್ನು ಕಳಿಸಿಕೊಟ್ಟ ಊರು ಇನ್ನೊಬ್ಬ ತತ್ತ್ವಜ್ಞಾನಿಯನ್ನು ಬರಮಾಡಿಕೊಂಡಿತ್ತು. 1930ರವರೆಗೆ ಕುಲಪತಿಯಾಗಿದ್ದ ಸೀಲರನ್ನು ಸರ್ಕಾರ ಸಂಸ್ಥಾನದ ರಾಜ್ಯಾಂಗ ಸುಧಾರಣೆಯ ಸಮಿತಿಗೂ ಅಧ್ಯಕ್ಷರನ್ನಾಗಿ ಮಾಡಿತು. ಆ ವರದಿ ಬಂದದ್ದು 1923ರಲ್ಲಿ. ಆಡಳಿತ ಹೇಗಿರಬೇಕು ಎಂದು ತತ್ತ್ವಶಾಸ್ತ್ರಜ್ಞನನ್ನು ಕೇಳಿದ ಕಾಲ ಅದು.

ಆದರೆ ನನ್ನ ದೃಷ್ಟಿಯಲ್ಲಿ ಮೈಸೂರಿನ ತತ್ತ್ವಶಾಸ್ತ್ರಕ್ಕೆ ಬುನಾದಿ ಹಾಕಿದವರು ಬಂದು ಹೋದವರಲ್ಲ, ನಿಂತವರು. ಮುಂಬಯಿಯಿಂದ ಬಂದ ಪಾರ್ಸಿ ಎ.ಆರ್. ವಾಡಿಯಾ ಎರಡು ದಶಕಗಳಿಗೂ ಹೆಚ್ಚು ಕಾಲ ಇಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಸಮಾಜದ ಬದುಕನ್ನು ಬಿಟ್ಟು ತತ್ತ್ವಶಾಸ್ತ್ರವಿಲ್ಲ ಎಂದು ನಂಬಿದ ಅವರು ‘ಸೋಷಿಯಲ್ ಫಿಲಾಸಫಿ’ ಎಂಬ ಆನರ್ಸ್ ಪದವಿಯನ್ನು ರೂಪಿಸಿದರು. ನೀತಿಶಾಸ್ತ್ರ, ರಾಜಕೀಯ ಚಿಂತನೆಗಳ ಜೊತೆಗೆ ಸಮಾಜಶಾಸ್ತ್ರ, ಮಾನವಶಾಸ್ತ್ರಗಳನ್ನೂ ಓದಿಸುವ ಪದವಿ ಅದು. 1936ರಲ್ಲಿ ಅದನ್ನು ಮುಗಿಸಿ ಮುಂಬಯಿಗೆ ಹೋದ ಮೈಸೂರಿನ ಹುಡುಗ ಎಂ.ಎನ್. ಶ್ರೀನಿವಾಸ್. ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’ ಎಂದು ಇವತ್ತು ಚುನಾವಣೆಯ ವಿಶ್ಲೇಷಕರು ಬಳಸುವ ಪರಿಕಲ್ಪನೆಗಳನ್ನು ಕೊಟ್ಟವರು ಅವರೇ. 1948ರಲ್ಲಿ ಮೈಸೂರಿನ ಆಸುಪಾಸಿನ ಹಳ್ಳಿಯೊಂದರಲ್ಲಿ ಹೋಗಿ ನೆಲೆಸಿ, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞನ ಮೊದಲ ಪದವಿ ತತ್ತ್ವಶಾಸ್ತ್ರದ ವಿಭಾಗದ್ದು.

ಮನಶ್ಶಾಸ್ತ್ರದ ಕಥೆಯೂ ಇಂಥದ್ದೇ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರುಮಾಡಿದ ಮೇಷ್ಟ್ರು ಇವರೇ.

ಹಿರಿಯಣ್ಣನವರ ಪುಸ್ತಕಕ್ಕೆ ಮರಳೋಣ. ಅದರಲ್ಲಿ ಹದಿನಾಲ್ಕು ಅಧ್ಯಾಯಗಳಿವೆ. ವೇದಕಾಲ, ಅದರ ನಂತರದ ಕಾಲ, ದರ್ಶನಗಳ ಕಾಲ ಎಂದು ಮೂರು ಭಾಗ. ಭಗವದ್ಗೀತೆಯ ಪಕ್ಕದಲ್ಲೇ ಬೌದ್ಧ, ಜೈನ ದರ್ಶನಗಳು ಬರುತ್ತವೆ. ದೇವರನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕರಿಗೂ ಒಂದು ಅಧ್ಯಾಯವಿದೆ. ಎಲ್ಲರಿಗೂ ಕೇಳುವ ಪ್ರಶ್ನೆಗಳು ಒಂದೇ: ಇರುವುದು ಏನು, ಅದು ನಮಗೆ ತಿಳಿಯುವುದು ಹೇಗೆ, ತಿಳಿದ ಮೇಲೆ ಬಾಳುವುದು ಹೇಗೆ. ಯಾರ ಪರವಾಗಿಯೂ ದನಿ ಏರುವುದಿಲ್ಲ, ಯಾರನ್ನೂ ಹೀಗಳೆಯುವುದಿಲ್ಲ. ನಮ್ಮ ಉಡುಪಿಯ ದ್ವೈತಕ್ಕೆ ಮಾತ್ರ ಅಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. 1949ರ ‘ದಿ ಎಸೆನ್ಷಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ’ಯಲ್ಲಿ ಅವರು ಆ ಕೊರತೆಯನ್ನು ತುಂಬಿದರು. ಮರುವರ್ಷ ತೀರಿಕೊಂಡರು.

ನಂತರದ ತಲೆಮಾರಿನಲ್ಲಿ ಇದೇ ಕಾಲೇಜಿಗೆ ಎಸ್.ಎಲ್. ಭೈರಪ್ಪ ಬಂದರು. ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಕೊಂಡೊಯ್ದಿತ್ತು. ಸಾವು ಎಂದರೇನು ಎಂಬ ಪ್ರಶ್ನೆ ಅವರನ್ನು ತತ್ತ್ವಶಾಸ್ತ್ರಕ್ಕೆ ತಂದಿತು. ಚಿನ್ನದ ಪದಕದೊಂದಿಗೆ ಎಂ.ಎ. ಮುಗಿಸಿ, ಬರೋಡದಲ್ಲಿ ಸತ್ಯ ಮತ್ತು ಸೌಂದರ್ಯದ ಬಗ್ಗೆ ಸಂಶೋಧನೆ ಮಾಡಿದರು. ಕನ್ನಡ ಕಾದಂಬರಿಗೆ ಆ ಓದಿನಿಂದ ಬಂದದ್ದು ಎಷ್ಟು ಎಂಬುದನ್ನು ಅವರ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. 1960ರಲ್ಲಿ ಕುವೆಂಪು ಕುಲಪತಿಯಾಗಿದ್ದಾಗ ಮಾನಸಗಂಗೋತ್ರಿ ರೂಪುಗೊಂಡು ಸ್ನಾತಕೋತ್ತರ ವಿಭಾಗಗಳಿಗೆ ಹೊಸ ನೆಲೆಯಾಯಿತು.

ಅಷ್ಟರಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ರಾಜ್ಯಶಾಸ್ತ್ರಗಳೆಲ್ಲ ಬೇರೆ ಬೇರೆ ವಿಭಾಗಗಳಾಗಿದ್ದವು. ಮಕ್ಕಳು ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದ ಮೇಲೆ ಹಳೆಯ ಮನೆಯಲ್ಲಿ ಉಳಿದ ಹಿರಿಯರ ಸ್ಥಿತಿ ತತ್ತ್ವಶಾಸ್ತ್ರದ್ದಾಯಿತು. ತತ್ತ್ವಶಾಸ್ತ್ರವೆಂದರೆ ವೇದಾಂತ, ವೇದಾಂತವೆಂದರೆ ವಯಸ್ಸಾದವರ ಕಾಲಕ್ಷೇಪ ಎಂಬ ಮಾತು ಗಟ್ಟಿಯಾಯಿತು. ವಾಡಿಯಾ, ಹಿರಿಯಣ್ಣನವರ ಕೆಲಸ ಕಂಡವರು ಈ ಮಾತನ್ನು ಒಪ್ಪಲಾರರು. ಅವರ ತರಗತಿಯಲ್ಲಿ ಜಾತಿ, ಸಂಸ್ಥಾನ, ಮನಸ್ಸು, ಸಾವು ಎಲ್ಲಕ್ಕೂ ಜಾಗವಿತ್ತು. ವಿಭಾಗಗಳ ನಡುವಿನ ಗೋಡೆ ಎದ್ದದ್ದರಿಂದ ಆದ ನಷ್ಟ ತತ್ತ್ವಶಾಸ್ತ್ರಕ್ಕಷ್ಟೇ ಅಲ್ಲ, ಬೇರೆ ಮನೆ ಮಾಡಿದ ವಿಷಯಗಳಿಗೂ ಆಗಿದೆ.

ನಮ್ಮ ಪಿಯುಸಿ ಕಲಾ ವಿಭಾಗದ ವಿಷಯಗಳ ಪಟ್ಟಿಯಲ್ಲಿ ತರ್ಕಶಾಸ್ತ್ರ ಇನ್ನೂ ಇದೆ. ಈ ಓದಿಗೆ ಅದೇ ಹೆಬ್ಬಾಗಿಲು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಅದನ್ನು ಆರಿಸಿಕೊಳ್ಳುತ್ತೇನೆ ಎಂದರೆ, ಇದರಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುವ ಮೊದಲು ದಯವಿಟ್ಟು ಹತ್ತಿರದ ಯಾವ ಕಾಲೇಜಿನಲ್ಲಿ ಅದರ ಮೇಷ್ಟ್ರು ಇದ್ದಾರೆ ಎಂದು ವಿಚಾರಿಸಿ. ಕೇಳಿಕೊಂಡು ಬರುವವರಿದ್ದರೆ ಕಾಲೇಜುಗಳು ಆ ವಿಷಯವನ್ನು ಉಳಿಸಿಕೊಳ್ಳುತ್ತವೆ.