ಬಾಟ್ಲಿ ತಡೀರಿ, ನೀರು ತಡೀಬೇಡಿ

ರಸಮಂಜರಿ ಗೇಟಿನಲ್ಲಿ ‘ಬಾಟ್ಲಿ ಒಳಗೆ ಬಿಡಲ್ಲ ಸ್ವಾಮಿ’ ಎನ್ನುವುದು ಹೊಸದಲ್ಲ. ಗಲಾಟೆಯಾದರೆ ಸೋಡಾ ಬಾಟ್ಲಿ ಯಾರ ತಲೆ ಒಡೆಯುತ್ತೋ! ಹೆಂಡದ ಬಾಟ್ಲಿಯಂತೂ ಜಗಳದ ಬೀಜ. ತಡೆಯುವುದು ಸರಿಯೇ. ಆದರೆ ಕುಡಿಯೋ ನೀರನ್ನೂ ಕಸಿದುಕೊಂಡರೆ?

ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ಹಾಗೇ ಆಯಿತು. 2023ರ ನವೆಂಬರ್ 17ರಂದು ಅಮೆರಿಕದ ಟೇಲರ್ ಸ್ವಿಫ್ಟ್ ಹಾಡು ಕೇಳಲು ಸುಮಾರು 60,000 ಜನ ಸೇರಿದ್ದರು. ವಿಪರೀತ ಧಗೆ, ಹೊರಗಿನ ನೀರು ತರುವಂತಿಲ್ಲ. 23ರ ಹರೆಯದ ವಿದ್ಯಾರ್ಥಿನಿಯೊಬ್ಬಳು ಕುಸಿದಳು, ಉಳಿಯಲಿಲ್ಲ. ಧಗೆಯೇ ಕಾರಣವೆಂದು ಮರಣೋತ್ತರ ಪರೀಕ್ಷೆ ಹೇಳಿತು. ಅದಕ್ಕೂ ಮೊದಲೇ, ಘಟನೆಯ ಮರುದಿನವೇ ಸರ್ಕಾರ ಅಪ್ಪಣೆ ಹೊರಡಿಸಿತ್ತು: ಜನ ತಮ್ಮ ನೀರು ತರಬಹುದು, ಧಗೆಯಿದ್ದಾಗ ವ್ಯವಸ್ಥಾಪಕರು ಪುಕ್ಕಟೆ ನೀರು ಕೊಡಲೇಬೇಕು.

ಎಸೆದಾರೆಂಬ ಭಯಕ್ಕೂ ಮದ್ದುಂಟು. ಮುಚ್ಚಳವಿರುವ ಲೀಟರ್ ಬಾಟ್ಲಿ ಎಂದರೆ ಒಂದು ಕೆ.ಜಿ. ಕಲ್ಲು. ಇಂಗ್ಲೆಂಡಿನ ಹಲವು ಕಡೆ ಮುಚ್ಚಳ ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಎಸೆದರೂ ನೀರು ಚೆಲ್ಲಿಹೋಗುತ್ತೆ, ಪೆಟ್ಟು ಕಮ್ಮಿ.

ನಮ್ಮಲ್ಲೂ ಎಷ್ಟೋ ಜಾತ್ರೆ ರಸಮಂಜರಿ ನಡೆಯೋದು ಬೇಸಿಗೆಯಲ್ಲೇ. ದೀಪಾಲಂಕಾರಕ್ಕೆ ಸಾವಿರಾರು ಸುರಿಯುವ ಸಮಿತಿಯವರು ಮೈದಾನದ ನಾಲ್ಕು ಮೂಲೆಗೆ ನಾಲ್ಕು ಡ್ರಂ ನೀರು, ಲೋಟ ಇಡಿಸಲಿ. ಅರವಟ್ಟಿಗೆ ಕಟ್ಟಿದ ನಾಡಿಗೆ ಇದನ್ನೂ ಹೇಳಿಕೊಡಬೇಕೇ?